ಟಾವೆಲ್ ಲೆಕ್ಕ

ಒಂದು ಟಾವೆಲ್ಲಿಗಿ ಒಂದು ರೂಪಾಯಿ,
ಎರಡೂ ಅಂಚು ಮಡಚಿ ಹೊಲದ್ರ.
ದಾರ ನಂದು, ಸೂಜಿ ಮುರದ್ರ ಅದೂ ನಂದು.
ಹಂಗಾಗಿ ಕಿರಾಣಿ ಅಂಗಡ್ಯಾಗ ನಿಂತಾಗ
ನನ್ನ ಕಣ್ಣಿಗಿ ಬ್ಯಾರೇನ ಬೋರ್ಡು ಕಾಣತೈತಿ:
ತೊಗರಿಬ್ಯಾಳಿ ಪಾವಕಿಲೋ, ನಲವತ್ತು ಟಾವೆಲ್.
ಶೇಂಗಾ ಪಾವಕಿಲೋ, ಮೂವತ್ತೈದು.
ಮಡಿಕಿಕಾಳೂ ಹತ್ತಿರ ಹತ್ತಿರ ಅಷ್ಟ, ಆದ್ರ
ನೆನಸಿ ಅರಿವ್ಯಾಗ ಕಟ್ಟಿಟ್ರ ಮೊಳಕಿ ಒಡದು
ಮುಂಜಾನಿಗಿ ದುಪ್ಪಟ್ಟ ಆಗಿರತಾವ.
ಈ ಸೊಲ್ಲಾಪುರದಾಗ
ನಾವು ಮಲಗಿದ್ದಾಗೂ ಬೆಳಿಯೂದು
ಬಾಡಗಿ ಬಿಟ್ರ ಅದೊಂದ.

ಅಕ್ಕಲಕೋಟ ರೋಡಿನ ಸಂತಿಗಿ
ನಾ ಹೋಗೂದು ದೀಪ ಹಚ್ಚಿದ ಮ್ಯಾಲ.
ಹಗಲಿಗಿ ಪಲ್ಯಾನೂ ನೆಟ್ಟಗ ನಿಂತಿರತೈತಿ, ದರಾನೂ.
ಎಂಟಕ್ಕ ಎರಡೂ ಬಾಡತಾವ.
ಎಲ್ಲಾರ ಮುಂದ ಮರಾಠ್ಯಾಗ ಕೇಳತೀನಿ, ಶೇಪೂ ಹ್ಯಾಂಗ ಅಂತ.
ಗಡಿ ಆಚಿಂದ ಬರೂ ಲಕ್ಕಾಬಾಯಿ ಮುಂದ ಮಾತ್ರ
‘ಸಬ್ಬಸಗಿ ಹ್ಯಾಂಗಬೇ?’ ಅಂದ್ರ ಸಾಕು,
ಅದ ಕಟ್ಟು, ಅದ ರೊಕ್ಕ,
ಮ್ಯಾಲೊಂದು ಹಿಡಿ ಚೀಲದಾಗ ಬೀಳತೈತಿ.
ಆ ಹಿಡೀನ ಯಾವ ಲೆಕ್ಕಕ್ಕ ಬರಕೋಬೇಕೋ
ನನಗ ಇನ್ನೂ ತಿಳದಿಲ್ಲ.

ಆರು ಬಾಯಿ ಮನಿಯಾಗ.
ಸೋಮವಾರ ಪುಂಡಿಪಲ್ಯ, ಜ್ವಾಳದ ನುಚ್ಚು ಹಾಕಿ.
ಮಂಗಳವಾರ ಅದ ಪುಂಡಿಪಲ್ಯ,
ಬಳ್ಳೊಳ್ಳಿ ಒಗ್ಗರಣಿ ಅಷ್ಟ ಹೊಸಾದು.
ಬುಧವಾರ ಝುಣಕ. ಕಡ್ಲಿಹಿಟ್ಟು ಒಂದ ವಾಟಿ,
ಮಂದಿ ಹೆಚ್ಚಾದ್ರ ಉಳ್ಳಾಗಡ್ಡಿ ಹೆಚ್ಚು,
ಇನ್ನೂ ಹೆಚ್ಚಾದ್ರ ನಳ ಐತಿ.
ಶೇಂಗಾಹಿಂಡಿ ಡಬ್ಬಿ ಮ್ಯಾಲಿನ ಫಳಿಗಿ ಇಡತೀನಿ,
ಮೈದುನ ಧಾನಪ್ಪನ ಬೆರಳು ಭಾಳ ಉದ್ದ.

ಹೋದ ತಿಂಗಳ ಶಾಳ್ಯಾಗ ರಕ್ತ ನೋಡಿದ್ರು.
ಸೃಷ್ಟೀದು ಒಂಬತ್ತೂವರಿ.
ನರ್ಸಬಾಯಿ ಕೇಳ್ಯಾಳ, ಮನಿಯಾಗ ಏನ ಉಣ್ಣತೀ?
ಇಕಿ ಅಂದಾಳಂತ: ಪನೀರ್.
ದಿನಾನೂ?
ಹೂಂ, ದಿನಾನೂ.
ಚೀಟಿ ಮ್ಯಾಲ ಹಂಗ ಬರದಾಳ ಆಕಿ, ಪಾಪ.
ಕೆಳಗ ಪಾಲಕರ ಸಹಿ ಬೇಕಂತ.

ಮಶೀನಿನ ಮ್ಯಾಲಿಂದ ಕಾಲು ತಗದೆ.
ಬೈಯಾಕಂತ ಬಾಯಿ ತಗದ್ರ ನಗಿ ಬಂತು,
ಅದೂ ಪೂರಾ ಬರಲಿಲ್ಲ.
ರಾಜಗಿರಿ ಪಲ್ಯ ಅನ್ನಾಕ ನಾಚಿಕಿ ಯಾಕವಾ,
ಹೆಸರಿನ್ಯಾಗ ರಾಜಾನೂ ಅದಾನ, ಗಿರೀನೂ ಐತಿ.
ಅಂದೆನೋ ಇಲ್ಲೋ. ಸಹಿ ಮಾಡಿದೆ.
ಅವತ್ತ ನಮ್ಮವ್ವ ಕೊಟ್ಟ ಕಬ್ಬಣದ ಕಡಾಯಿ ಇಳಿಸಿದೆ,
ಜಂಗು ತಿಕ್ಕಿದೆ ಬೂದಿ ಹಚ್ಚಿ,
ಪಲ್ಯದ ಮ್ಯಾಲ ಅರ್ಧ ನಿಂಬಿಹಣ್ಣು,
ಸಂಜಿಗಿ ಎಳ್ಳು ಬೆಲ್ಲದ ಉಂಡಿ, ಅಕಿಗೊಂದ,
ಓಂಕಾರ ಅತ್ತ. ಅಳಲಿ.

ಪಗಾರದ ದಿನ ನೂರು ಗ್ರಾಂ ಪನೀರು ತಂದೆ.
ನಲವತ್ತೈದು ಟಾವೆಲ್.
ಒಂದಕ್ಕೊಂದು ಹಚ್ಚಿ ಹಾಸಿದ್ರ ನಮ್ಮ ಗಲ್ಲಿ ಮುಗಿತೈತಿ,
ಇದು ನೋಡಿದ್ರ ಅರ್ಧ ಸವದ ಸಾಬಾಣ.
ಹದಿನೆಂಟು ತುಂಡು ಕೊಯ್ದೆ, ಒಬ್ಬೊಬ್ಬರಿಗಿ ಮೂರು.
ಓಂಕಾರ ಕಡದು ನೋಡಿ,
‘ಯವ್ವಾ, ಇದಕ ರುಚೀನ ಇಲ್ಲಲ್ಲ’ ಅಂದ,
ಹಿಂಡಿ ಡಬ್ಬಿ ಕೇಳಿದ.
ಅತ್ತಿ ಗುರುಬಾಯಿ ಹಲ್ಲಿಲ್ಲದ ಬಾಯಾಗ
ಈ ದವಡಿಂದ ಆ ದವಡಿಗಿ ಉಳ್ಳಾಡಿಸಿ
‘ಖರವಸ ಏನ?’ ಅಂದ್ಲು, ‘ಯಾರ ಎಮ್ಮಿ ಈದೈತಿ?’
ನಮ್ಮವರು ಸಾಟಿಗಿ ಹೊತ್ತಾತಂತ ನುಂಗಿ ಎದ್ರು.
ಸೃಷ್ಟಿ ಏನೂ ಅನಲಿಲ್ಲ.
ಎರಡು ತಿಂದು
ಒಂದು ನನ್ನ ತಾಟಿಗಿ ಸರಿಸಿದ್ಲು.

ಎಲ್ಲಾರೂ ಮಲಗಿದ್ರು.
ಮಡಿಕಿ ಸೋಸಿ ಅರಿವ್ಯಾಗ ಕಟ್ಟಿ ಬುಟ್ಟಿ ಮುಚ್ಚಿದೆ.
ದೀಪ ಆರಿಸಿ, ವಲಿ ಮುಂದ ನಿಂತ
ನನ್ನ ಮೂರು, ಅಕೀದು ಒಂದು,
ನಾಕೂ ತಿಂದೆ.

ರುಚಿ ಇತ್ತು.
ಯಾರಿಗೂ ಹೇಳಿಲ್ಲ.